ಮನಮುಟ್ಟಿತು ಎಂದರೆ ಮುಗಿಯಿತೇ?

ಮನೆ, ಮುಪ್ಪು, ಸಾವು, ದಿನಬೆಳಗಾದರೆ ಕಣ್ಣಿಗೆ ಬೀಳುವ ಸಣ್ಣಪುಟ್ಟ ಸೋಜಿಗ ಇವುಗಳ ಬಗ್ಗೆ ಹೆಂಗಸರು ಬರೆದ ಕವಿತೆಗಳಿಗೆ ನಮ್ಮಲ್ಲಿ ಒಂದು ಸಿದ್ಧ ಮಾತಿದೆ. 'ತುಂಬಾ ಮನಮುಟ್ಟಿತು' ಎನ್ನುತ್ತೇವೆ. ಸ್ವಲ್ಪ ಸಲುಗೆಯಿದ್ದರೆ 'ನಮ್ಮಮ್ಮ ನೆನಪಾದರು ಕಣ್ರೀ' ಎಂದು ಸೇರಿಸುತ್ತೇವೆ. ಹೀಗೆ ಹೇಳುವವರಲ್ಲಿ ಕಪಟವೇನೂ ಇಲ್ಲ. ಆದರೂ ಈ ಹೊಗಳಿಕೆಯಲ್ಲಿ ಏನೋ ಒಂದು ತೊಡಕಿದೆ ಎಂಬುದು ನನ್ನ ಅನುಮಾನ. ಅಡಿಗರನ್ನು ಓದಿ ಯಾರೂ 'ನಮ್ಮಪ್ಪ ನೆನಪಾದರು' ಎಂದಷ್ಟೇ ಹೇಳಿ ಎದ್ದು ಹೋಗುವುದಿಲ್ಲ. ಅವರು ಹೇಳುತ್ತಿರುವುದೇನು, ಅದು ಸರಿಯೇ, ಒಪ್ಪಬಹುದೇ ಎಂದು ಜಗಳಕ್ಕೆ ಇಳಿಯುತ್ತೇವೆ. ಮನೆಯ ಕವಿತೆಯೊಡನೆ ಯಾರೂ ಜಗಳವಾಡುವುದಿಲ್ಲ. ಜಗಳವಾಡುವಂಥದ್ದು ಅಲ್ಲೇನೂ ಇರಲಾರದು ಎಂದು ಓದುವ ಮೊದಲೇ ತೀರ್ಮಾನವಾಗಿರುತ್ತದೆ. ಆ ತೀರ್ಮಾನಕ್ಕೆ ಆಧಾರವೇನು ಎಂದು ವಿಚಾರಿಸುವುದಷ್ಟೇ ನನ್ನ ಉದ್ದೇಶ. ಓದುಗರು ಒಪ್ಪಲೇಬೇಕೆಂಬ ಹಟವಿಲ್ಲ.

ಮನೆ ಎಂಬುದು ಸಣ್ಣ ವಸ್ತು ಎಂದು ಈಗ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ನಿಜ. 'ಅಡುಗೆಮನೆ ಸಾಹಿತ್ಯ' ಎಂಬ ಮೂದಲಿಕೆ ಒಂದು ಕಾಲಕ್ಕೆ ಧಾರಾಳವಾಗಿ ಓಡಾಡುತ್ತಿತ್ತು. ಇವತ್ತು ಅದನ್ನು ವೇದಿಕೆಯ ಮೇಲೆ ಆಡಿದವರು ಸುಮ್ಮನೆ ಮನೆ ಸೇರುವುದು ಕಷ್ಟ. ಆದರೆ ಮಾತು ಹೋದರೂ ಲೆಕ್ಕ ಹೋಗಿಲ್ಲ. 1915ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಸಾಹಿತ್ಯ ಸಮ್ಮೇಳನ 2024ರ ಮಂಡ್ಯದ ಹೊತ್ತಿಗೆ 87 ಬಾರಿ ನಡೆದಿತ್ತು. ಅಷ್ಟರಲ್ಲಿ ಅಧ್ಯಕ್ಷರಾಗಿ ಕೂತ ಮಹಿಳೆಯರು ನಾಲ್ವರು: ಜಯದೇವಿತಾಯಿ ಲಿಗಾಡೆ, ಶಾಂತಾದೇವಿ ಮಾಳವಾಡ, ಕಮಲಾ ಹಂಪನಾ, ಗೀತಾ ನಾಗಭೂಷಣ. ಮೊದಲನೆಯವರಿಗೆ ಆ ಪೀಠ ಸಿಕ್ಕಿದ್ದು 1974ರಲ್ಲಿ, ಅಂದರೆ ಸುಮಾರು ಅರವತ್ತು ವರ್ಷ ಕಳೆದ ಮೇಲೆ. ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಕನ್ನಡದ ಲೇಖಕಿಯರೆಂದರೆ ನೆನಪಾಗುವ ಗೀತಾ ನಾಗಭೂಷಣ, ವೈದೇಹಿ, ವಿಜಯಾ ಮೂವರಿಗೂ ಅದು ಸಂದದ್ದು ಗದ್ಯಕ್ಕೆ: ಕಾದಂಬರಿಗೆ, ಕಥೆಗಳಿಗೆ, ಆತ್ಮಕಥೆಗೆ. ಪ್ರಶಸ್ತಿ, ಪೀಠಗಳಿಂದ ಕವಿತೆಯ ತೂಕ ಗೊತ್ತಾಗುವುದಿಲ್ಲ ಎಂದು ನೀವು ಹೇಳಬಹುದು, ನಾನೂ ಒಪ್ಪುತ್ತೇನೆ. ಆದರೆ ನಾವು ಯಾರ ಮಾತನ್ನು ಕೂತು ಕೇಳುತ್ತೇವೆ ಎಂಬುದಂತೂ ಗೊತ್ತಾಗುತ್ತದೆ.

ಇನ್ನು ವಸ್ತುವಿನ ವಿಚಾರ. ಗಂಡ-ಹೆಂಡತಿ, ಬಳೆ, ತವರಿನ ದಾರಿ, ಮಾವನ ಮನೆಯ ಉಪಚಾರ ಇದಕ್ಕಿಂತ ಮನೆಯ ವಸ್ತು ಬೇರೆ ಬೇಕೇ? ಇವುಗಳನ್ನೇ ಹಿಡಿದು ಕೆ.ಎಸ್. ನರಸಿಂಹಸ್ವಾಮಿಯವರು 1942ರಲ್ಲಿ 'ಮೈಸೂರು ಮಲ್ಲಿಗೆ' ತಂದರು. ಕನ್ನಡದಲ್ಲಿ ಅಷ್ಟು ಮನೆಗಳನ್ನು ಹೊಕ್ಕ ಕವನ ಸಂಕಲನ ಇನ್ನೊಂದು ಇರಲಾರದು. ಮಗುವನ್ನು ಕಳೆದುಕೊಂಡ ದುಃಖದ ಬಗ್ಗೆ ಬೇಂದ್ರೆ ಬರೆದದ್ದು ನಮ್ಮ ಶ್ರೇಷ್ಠ ಕವಿತೆಗಳ ಸಾಲಿನಲ್ಲಿದೆ. ಆಗ ಯಾರಿಗೂ ಮನೆ ಸಣ್ಣದಾಗಿ ಕಾಣಲಿಲ್ಲ. ನರಸಿಂಹಸ್ವಾಮಿಯವರ ದೊಡ್ಡತನ ವಸ್ತುವಿನಲ್ಲಲ್ಲ, ಲಯದಲ್ಲಿ, ಮಾತಿನ ಹದದಲ್ಲಿ ಇದೆ ಎಂದು ವಿಮರ್ಶಕರು ಹೇಳಿದರು, ಸರಿಯಾಗಿಯೇ ಹೇಳಿದರು. ಆದರೆ ನನ್ನ ಪ್ರಶ್ನೆ ಹುಟ್ಟುವುದೂ ಅಲ್ಲೇ. ಗಂಡಸು ಮನೆಯ ಬಗ್ಗೆ ಬರೆದಾಗ ಅವನ ಕಸುಬನ್ನು ನೋಡಿದ ನಾವು, ಹೆಂಗಸು ಬರೆದಾಗ ಅವಳ ಮನಸ್ಸನ್ನು ಮಾತ್ರ ನೋಡುವುದೇಕೆ?

'ಅದು ತಾನಾಗಿ ಹೃದಯದಿಂದ ಹರಿದದ್ದು' ಎನ್ನುವುದು ಇದಕ್ಕೆ ಸಾಮಾನ್ಯವಾಗಿ ಸಿಗುವ ಉತ್ತರ. ಹೊಗಳಿಕೆಯ ಮಾತೇ, ಆದರೆ ನಂಬಲು ಕಷ್ಟ. ಬೀಸುವ ಕಲ್ಲಿನ ಪದಗಳನ್ನೇ ನೋಡೋಣ, 'ತಾನಾಗಿ ಬಂದದ್ದು' ಎಂಬ ಮಾತು ಅತಿ ಹೆಚ್ಚು ಕೇಳಿಬರುವುದು ಅವುಗಳ ಬಗ್ಗೆಯೇ. ವಿಜಯಪುರ ಸೀಮೆಯ ಹಲಸಂಗಿಯ ಗೆಳೆಯರು ಇಂಥ ಪದಗಳನ್ನು ಕಲೆಹಾಕಿ 1931ರಲ್ಲಿ 'ಗರತಿಯ ಹಾಡು' ತಂದರು. ಅವರ ಉಪಕಾರ ದೊಡ್ಡದು. ಆದರೆ ಸಂಗ್ರಹಿಸಿದವರ ಹೆಸರು ನಮಗೆ ಬಾಯಿಗೆ ಬರುತ್ತದೆ, ಹಾಡಿದವರ ಹೆಸರು ಬರುವುದಿಲ್ಲ ಎಂಬುದನ್ನು ಪಕ್ಕಕ್ಕಿಟ್ಟರೂ, ಆ ಪದಗಳ ಕಟ್ಟನ್ನು ಒಮ್ಮೆ ಗಮನಿಸಬೇಕು. ಅವು ತ್ರಿಪದಿಗಳು. ಮೂರು ಸಾಲಿಗೆ ಹನ್ನೊಂದು ಗಣ, ಆರನೆಯದೂ ಹತ್ತನೆಯದೂ ಬ್ರಹ್ಮಗಣ, ಉಳಿದೆಲ್ಲ ವಿಷ್ಣುಗಣ. ಜೋಳ ಬೀಸುತ್ತಾ, ತೌರಿನ ಅಣ್ಣನನ್ನೋ ಸತ್ತ ಕೂಸನ್ನೋ ನೆನೆಯುತ್ತಾ ಇದ್ದವಳು ಆರನೆಯ ಗಣದ ಜಾಗ ತಪ್ಪಿಸಲಿಲ್ಲ. ಅವಳು ಛಂದಸ್ಸು ಓದಿರಲಿಲ್ಲ, ಕಿವಿಯಿಂದ ಬಂದದ್ದು ಎನ್ನಬಹುದು. ಹಾಗಿದ್ದರೆ ಅದು ಕೇಳಿ, ಹಾಡಿ, ತಪ್ಪಿ, ತಿದ್ದಿಸಿಕೊಂಡು ಬಂದ ಅಭ್ಯಾಸವಾಯಿತು. ಅಭ್ಯಾಸಕ್ಕೆ ಇನ್ನೊಂದು ಹೆಸರು ಕಸುಬು. ದುಃಖ ತಾನಾಗಿ ಬರಬಹುದು. ಹತ್ತನೆಯ ಜಾಗದ ಬ್ರಹ್ಮಗಣ ತಾನಾಗಿ ಬರುವುದಿಲ್ಲ.

ವೈದೇಹಿಯವರ ತಿಳಿಸಾರಿನ ಕವಿತೆ ಈ ವಾದವನ್ನು ನನಗಿಂತ ಚೆನ್ನಾಗಿ ನಡೆಸಿದೆ. ಕಾವ್ಯ ಬಲ್ಲವರನ್ನೇ ಕರೆದು, ನನಗೆ ಅದೆಲ್ಲ ತಿಳಿಯದು, ನನಗೆ ಗೊತ್ತಿರುವುದು ಸಾರು ಎಂದು ವಿನಯದಿಂದ ಶುರುಮಾಡಿ, ಸಾರಿಗೂ ತನ್ನದೇ ಒಂದು ತತ್ವವಿದೆ ಎಂದು ಅಷ್ಟೇ ವಿನಯದಿಂದ ತೋರಿಸಿಕೊಡುವ ಕವಿತೆ ಅದು. ಎಷ್ಟೋ ಸಭೆಗಳಲ್ಲಿ ಅದನ್ನು ಅಡುಗೆಮನೆಯ ಸೊಗಸಾದ ಚಿತ್ರವೆಂದು ಓದಿ, ಕೇಳಿದವರು ನಕ್ಕು, ಚಪ್ಪಾಳೆ ತಟ್ಟಿದ್ದನ್ನು ನೋಡಿದ್ದೇನೆ. ಚಿತ್ರ ಇದೆ, ಸುಳ್ಳಲ್ಲ. ಆದರೆ ಕಾವ್ಯವೆಂದರೇನು, ಅದನ್ನು ಬಲ್ಲೆ ಎನ್ನುವ ಹಕ್ಕು ಯಾರದು ಎಂಬುದು ಅದರೊಳಗಿನ ಚರ್ಚೆ. ಕಾವ್ಯಮೀಮಾಂಸೆಯ ಮೇಲೆ ಕನ್ನಡದಲ್ಲಿ ಬಂದ ಉದ್ದುದ್ದ ಪ್ರಬಂಧಗಳಲ್ಲಿ ಕೆಲವಕ್ಕಾದರೂ ಇಷ್ಟು ಖಡಕ್ಕಾಗಿ ವಾದ ಮಂಡಿಸಲು ಬರುವುದಿಲ್ಲ ಎಂದರೆ ಬರೆದವರು ಬೇಸರಪಡಬಾರದು.

ಇನ್ನೊಂದು ಬಗೆಯ ಓದುಗರಿದ್ದಾರೆ, ನನಗೆ ಅವರ ಮೇಲೆ ಗೌರವ ಹೆಚ್ಚು. ಮನೆಯ ಬಗ್ಗೆ ಬರೆದರೆ ಸಾಲದು, ಹೊಸ್ತಿಲು ದಾಟಬೇಕು, ಪ್ರತಿಭಟಿಸಬೇಕು ಎನ್ನುವವರು ಇವರು. ಟಿ. ಸುನಂದಮ್ಮನವರ ಮುಂದಾಳತ್ವದಲ್ಲಿ ಕರ್ನಾಟಕ ಲೇಖಕಿಯರ ಸಂಘ ಹುಟ್ಟಿದ 1979ರ ಆಚೀಚೆ ಈ ಬೇಡಿಕೆಗೆ ಬಲವಾದ ಕಾರಣವಿತ್ತು, ಈಗಲೂ ಇಲ್ಲವೆನ್ನಲಾರೆ. ಆದರೆ ಇದೂ ಕ್ರಮೇಣ ಒಂದು ಅಳತೆಗೋಲಾಯಿತು: ಸಿಡಿದರೆ ಕವಿತೆ, ಸಿಡಿಯದಿದ್ದರೆ ರಾಜಿ. ಸಂಚಿ ಹೊನ್ನಮ್ಮ ಈ ಕೋಲಿಗೆ ಸಿಗುವುದೇ ಇಲ್ಲ. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆಯ ಸಂಚಿ ಹಿಡಿಯುತ್ತಿದ್ದ ಈ ಹೆಂಗಸು ಸಾಂಗತ್ಯದಲ್ಲಿ ಬರೆದ 'ಹದಿಬದೆಯ ಧರ್ಮ' ಹೆಸರಿಗೆ ತಕ್ಕಂತೆ ಪತಿವ್ರತೆಯ ನಡತೆಯನ್ನು ಬೋಧಿಸುವ ಕೃತಿ. ಆದರೆ ಹೆಣ್ಣೆಂದು ಹೀಗಳೆಯುವವರನ್ನು, ನಿಮ್ಮನ್ನು ಹೆತ್ತವಳು ಯಾರು ಎಂದು ಗದರಿ ಕೇಳುವ ಭಾಗವೂ ಅದೇ ಕೃತಿಯಲ್ಲಿದೆ. ರಾಜಿಯ ಪುಸ್ತಕವೋ, ಪ್ರತಿಭಟನೆಯ ಪುಸ್ತಕವೋ? ಎರಡೂ ಅಲ್ಲದ, ಎರಡೂ ಹೌದಾದ ಒಂದು ಬಗೆಯ ಯೋಚನೆ ಅಲ್ಲಿ ನಡೆದಿದೆ. ಮನೆಯೊಳಗೇ ಇದ್ದು, ಮನೆಯ ಭಾಷೆಯಲ್ಲೇ ಮನೆಯವರೊಡನೆ ವಾದಿಸುವವರಿಗೆ ಇನ್ನೊಂದು ದಾರಿ ಇರುವುದಿಲ್ಲ.

ಮುಪ್ಪಿನ ಕವಿತೆಗೆ ಬರೋಣ. ವಯಸ್ಸಾದಂತೆ ಮನಸ್ಸು ಮಾಗುತ್ತದೆ, ಕವಿತೆಯೂ ಮಾಗುತ್ತದೆ ಎಂಬ ನಂಬಿಕೆ ಎಷ್ಟು ಹಿತವಾದದ್ದೆಂದರೆ ಅದನ್ನು ಪರೀಕ್ಷಿಸಲು ಯಾರಿಗೂ ಮನಸ್ಸು ಬರುವುದಿಲ್ಲ. ಕವಯಿತ್ರಿ ಬೆಳಗೆರೆ ಜಾನಕಮ್ಮ 1912ರಲ್ಲಿ ಹುಟ್ಟಿ 1948ರಲ್ಲಿ ತೀರಿಕೊಂಡರು. ಮಾಗಲು ಪುರುಸೊತ್ತೇ ಇರಲಿಲ್ಲ. 1951ರಲ್ಲಿ ಹುಟ್ಟಿದ ವಿಜಯಾ ದಬ್ಬೆ 1999ರ ಅಪಘಾತದಲ್ಲಿ ನೆನಪಿನ ಶಕ್ತಿಯನ್ನೇ ಕಳೆದುಕೊಂಡು, ಆಮೇಲೂ ಹತ್ತೊಂಬತ್ತು ವರ್ಷ ಬದುಕಿದ್ದರು. ಅವರ ಪಾಲಿಗೆ ವಯಸ್ಸು ಬಂತು, ಆದರೆ ಕವಿತೆಗೆ ಬೇಕಾದ ನೆನಪು ಉಳಿಯಲಿಲ್ಲ. ಮಾಗುವುದು ನಿಯಮವಲ್ಲ, ಕೆಲವರಿಗೆ ಒದಗುವ ಅದೃಷ್ಟ. ಒದಗಿದವರಲ್ಲೂ ಎಲ್ಲರೂ ಶಾಂತರಾಗುವುದಿಲ್ಲ.

ಇದನ್ನು ನಾನು ಬೆಂಗಳೂರಿನ ಹೊಸ ತಿಪ್ಪಸಂದ್ರದಲ್ಲಿ ಇದ್ದುಕೊಂಡು ಹೇಳುತ್ತಿರುವುದಕ್ಕೆ ಕಾರಣವಿದೆ. 1940ರಲ್ಲಿ ಇಲ್ಲಿ ವಿಮಾನ ಕಾರ್ಖಾನೆ ಬಂತು. ಆಮೇಲೆ ಒಂದರ ಹಿಂದೊಂದು ಪ್ರಯೋಗಾಲಯಗಳು, ಕೇಂದ್ರ ಸರ್ಕಾರದ ಉದ್ದಿಮೆಗಳು. ಅಲ್ಲಿ ದುಡಿದ ಗಂಡಂದಿರ ಬೆನ್ನಿಗೆ ಮಂಡ್ಯ, ಹಾಸನ, ತುಮಕೂರು, ಕುಂದಾಪುರಗಳಿಂದ ಹೆಂಗಸರು ಬಂದರು. ಸಂತೆಬೀದಿಯಂಥ ಮುಖ್ಯರಸ್ತೆಯಲ್ಲಿ ತಮಿಳಿನಲ್ಲಿ ಸೊಪ್ಪು, ತೆಲುಗಿನಲ್ಲಿ ಹೂವು, ಉರ್ದುವಿನಲ್ಲಿ ಹಣ್ಣು ಕೊಂಡು, ಮನೆಗೆ ಬಂದು ಕನ್ನಡದಲ್ಲಿ ಬರೆದಿಟ್ಟವರು ಅವರಲ್ಲಿ ಕೆಲವರಿದ್ದಾರೆ. ಈಗ ಮಕ್ಕಳು ಹೊರದೇಶದಲ್ಲಿ, ಮೇಲಿನ ಎರಡು ಮಹಡಿ ಪೀಜಿಯ ಹುಡುಗರಿಗೆ ಬಾಡಿಗೆಗೆ, ಕೆಳಗೆ ಅಜ್ಜಿಯೊಬ್ಬರೇ. ಅವರ ಕವಿತೆಗೆ ಸಿಗುವ ವೇದಿಕೆಯೆಂದರೆ ನವೆಂಬರಿನ ರಾಜ್ಯೋತ್ಸವ, ಅದೂ ಊಟವಾದ ಮೇಲೆ, ಅರ್ಧ ಕುರ್ಚಿ ಖಾಲಿಯಾದಾಗ ನಡೆಯುವ ಮಹಿಳಾ ಕವಿಗೋಷ್ಠಿ.

ಅಂಥದ್ದೊಂದು ಗೋಷ್ಠಿಯಲ್ಲಿ ಎಪ್ಪತ್ತು ದಾಟಿದ ಒಬ್ಬರು ಓದಿದ ಕವಿತೆಯ ಸಾರಾಂಶವನ್ನು, ಅವರ ಒಪ್ಪಿಗೆಯಿಂದ, ಹೇಳುತ್ತೇನೆ. ಗಂಡ ಪ್ರಯೋಗಾಲಯವೊಂದರಲ್ಲಿದ್ದು ನಿವೃತ್ತರಾಗಿ ತೀರಿಕೊಂಡವರು. ಇವರಿಗೆ ಕುಟುಂಬ ಪಿಂಚಣಿ ಬರುತ್ತದೆ. ಪಿಂಚಣಿ ನಿಲ್ಲಬಾರದೆಂದರೆ ವರ್ಷಕ್ಕೊಮ್ಮೆ ನವೆಂಬರಿನಲ್ಲಿ ಲೈಫ್ ಸರ್ಟಿಫಿಕೇಟ್ ಕೊಡಬೇಕು. 2014ರಿಂದ ಅದನ್ನು ಬೆರಳಚ್ಚಿನ ಯಂತ್ರದ ಮೂಲಕವೂ ಕೊಡಬಹುದು. ಇವರು ಬ್ಯಾಂಕಿಗೆ ಹೋಗಿ ಹೆಬ್ಬೆರಳು ಇಟ್ಟರೆ ಯಂತ್ರ ಒಪ್ಪಲಿಲ್ಲ. 'ಅಜ್ಜಿ, ಸೆರಗಿಗೆ ಒರೆಸ್ಕೊಂಡು ಇನ್ನೊಂದ್ಸಲ ಇಡಿ' ಎಂದ ಹುಡುಗ. ಒರೆಸಿಕೊಂಡರು. ಬಲಗೈಯ ಐದೂ ಬೆರಳು ಆಯಿತು. ಎಡಗೈಯಲ್ಲಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಆಯಿತು. ಉಂಗುರದ ಬೆರಳು ಇಟ್ಟಾಗ ಹಸಿರು ದೀಪ ಹತ್ತಿತು. ಬ್ಯಾಂಕಿನ ಮೆಟ್ಟಿಲಿಳಿಯುತ್ತಾ ಅವರು ಲೆಕ್ಕ ಹಾಕುತ್ತಾರೆ: ಮುದ್ದೆ ತಿರುವಿದ್ದು, ಪಾತ್ರೆ ತಿಕ್ಕಿದ್ದು, ಮಕ್ಕಳ ತಲೆಗೆ ಎಣ್ಣೆ ಒತ್ತಿದ್ದು, ಕೊನೆಗೆ ಗಂಡನ ಬೆನ್ನು ಒರೆಸಿದ್ದು ಎಲ್ಲ ಉಳಿದ ಬೆರಳುಗಳು. ನಾನು ಬದುಕಿದ್ದೇನೆಂದು ಸರ್ಕಾರದ ಮುಂದೆ ಸಾಕ್ಷಿ ಹೇಳಿದ್ದು ಮಾತ್ರ ಜೀವಮಾನದಲ್ಲಿ ಅತಿ ಕಡಿಮೆ ಕೆಲಸ ಮಾಡಿದ ಬೆರಳು. ಕವಿತೆ ಅಲ್ಲಿಗೆ ನಿಲ್ಲುತ್ತದೆ.

ಸಭೆ 'ಅಯ್ಯೋ ಪಾಪ' ಎಂದಿತು. ನಿರೂಪಕಿ, ತುಂಬಾ ಭಾವನಾತ್ಮಕವಾಗಿತ್ತು ಎಂದು ಹೇಳಿ ಮುಂದಿನವರನ್ನು ಕರೆದರು. ನನಗೆ ಅಚ್ಚರಿಯಾದದ್ದು, ಆ ಕವಿತೆಯಲ್ಲಿ ಭಾವನೆಯ ಒಂದು ಮಾತೂ ಇರಲಿಲ್ಲ ಎಂಬುದು. ಬೇಜಾರು, ಕಣ್ಣೀರು, ಒಂಟಿತನ ಯಾವುದೂ ಇಲ್ಲ. ಇದ್ದದ್ದು ಸಾಕ್ಷ್ಯದ ಬಗೆಗೊಂದು ತರ್ಕ: ಯಾವುದು ದುಡಿದಿದೆಯೋ ಅದರ ಗುರುತು ಅಳಿಯುತ್ತದೆ, ದುಡಿಯದ್ದರ ಗುರುತು ಉಳಿಯುತ್ತದೆ, ದಾಖಲೆ ಸಿಗುವುದು ಉಳಿದದ್ದಕ್ಕೆ. ಇತಿಹಾಸ ಬರೆಯುವವರು ಪುಟಗಟ್ಟಲೆ ತಿಣುಕುವ ಮಾತು ಇದು. ಸಭೆಯಲ್ಲಿ ಅದನ್ನು ತರ್ಕವೆಂದು ಕೇಳಿದವರು ಒಬ್ಬರೇ, ಲೇತ್ ಮೇಲೆ ದುಡಿದು ನಿವೃತ್ತರಾದ ಒಬ್ಬ ಹಿರಿಯರು. ಕಾಫಿಯ ಹೊತ್ತಿನಲ್ಲಿ ಕವಿತೆ ಓದಿದವರ ಹತ್ತಿರ ಹೋಗಿ, 'ಅಮ್ಮಾ, ತಪ್ಪು ತಿಳ್ಕೋಬೇಡಿ. ಬೆರಳು ಹೋಗೋದು ಕೆಲಸದಿಂದಲ್ಲ, ವಯಸ್ಸಿಗೆ ಚರ್ಮ ಒಣಗೋದ್ರಿಂದ. ಸರ್ವೀಸಲ್ಲಿದ್ದಾಗ ನಂದು ಸರಿಯಾಗೇ ಬರ್ತಿತ್ತು, ಮನೇಲಿ ಕೂತ ಮೇಲೇ ಕೈಕೊಟ್ಟಿದ್ದು' ಎಂದರು. ಆಕೆ ಲೋಟ ಕೆಳಗಿಟ್ಟು, 'ಹಾಗಾದ್ರೆ ನನ್ನ ಉಂಗುರದ ಬೆರಳು ಯಾಕೆ ಒಣಗಲಿಲ್ಲ, ಹೇಳಿ' ಎಂದರು. ಇಬ್ಬರೂ ತಂತಮ್ಮ ಬೆರಳು ಚಾಚಿಕೊಂಡು ವಾದಿಸುತ್ತಲೇ ಇದ್ದರು. ಅವರಿಬ್ಬರೂ ಹೇಳಿದ್ದು ನಿಜವೇ ಇರಬೇಕು. ಸವೆತವೂ ಇದೆ, ಒಣಗುವಿಕೆಯೂ ಇದೆ. ಆದರೆ ಆ ಮಧ್ಯಾಹ್ನ ಆ ಕವಿತೆಗೆ ನಿಜವಾದ ಮರ್ಯಾದೆ ಸಿಕ್ಕಿದ್ದು, ಅದು ತಪ್ಪಿರಬಹುದು ಎಂದು ಒಬ್ಬರು ಹೇಳಿದಾಗ.

ಅಗಲಿಕೆಯ ಕವಿತೆ ದುಃಖವನ್ನು ಹಗುರ ಮಾಡುತ್ತದೆ ಎಂಬ ಮಾತನ್ನೂ ನಾನು ಅರ್ಧವಷ್ಟೇ ನಂಬುತ್ತೇನೆ. ಬರೆದವರಿಗೆ ಹಗುರಾಗುತ್ತದೆಯೇ? ಕೆಲವರಿಗೆ ಆಗಬಹುದು. ನನಗೆ ಗೊತ್ತಿರುವ ಇಬ್ಬರು ಮೂವರು ಹೇಳುವುದು ಬೇರೆ: ಬರೆದ ಮೇಲೆ ದುಃಖ ಕಡಿಮೆಯಾಗಲಿಲ್ಲ, ಆದರೆ ಅದು ಎಷ್ಟಿದೆ ಎಂದು ಗೊತ್ತಾಯಿತು ಎನ್ನುತ್ತಾರೆ. ಹನ್ನೊಂದನೆಯ ದಿನ, ವೈಕುಂಠ ಸಮಾರಾಧನೆ, ವರ್ಷಾಬ್ದಿಕ ಎಂದು ನಮ್ಮ ಮನೆಗಳಲ್ಲಿ ದುಃಖಕ್ಕೆ ದಿನ ನಿಗದಿಯಾಗಿರುತ್ತದೆ, ಆ ದಿನಗಳಲ್ಲಿ ಮನೆಯ ಹೆಂಗಸರು ಬಂದವರಿಗೆ ಎಲೆ ಹಾಕುತ್ತಾ ಇರುತ್ತಾರೆ. ಅವರ ದುಃಖದ ಸರದಿ ಬರುವುದು ತಿಂಗಳುಗಳಾದ ಮೇಲೆ, ಯಾವುದೋ ಮಂಗಳವಾರ, ಕಪಾಟು ತೆಗೆದಾಗ. ಇಂಥ ಕವಿತೆಗಳಲ್ಲಿ ಸಾವಿನ ದಿನಕ್ಕಿಂತ ಅದಾದ ಮೇಲಿನ ಯಾವುದೋ ಸಾದಾ ದಿನವೇ ಹೆಚ್ಚಾಗಿ ಕಾಣಿಸುವುದಕ್ಕೆ ಇದೊಂದು ಕಾರಣವಿರಬಹುದು. ಅದನ್ನು ಸೂಕ್ಷ್ಮತೆ ಎಂದು ಮೆಚ್ಚುತ್ತೇವೆ. ಅದು ಕೆಲಸದ ಹಂಚಿಕೆಯೂ ಹೌದು.

ದಿನನಿತ್ಯದ ಬೆರಗಿನ ವಿಷಯದಲ್ಲೂ ಇದೇ. ನೋಡುವ ಕಣ್ಣೊಂದಿದ್ದರೆ ಸಾಕು, ಎಲ್ಲದರಲ್ಲೂ ಸೋಜಿಗ ಕಾಣುತ್ತದೆ ಎನ್ನುವ ಮಾತು ಮೊಬೈಲಿಗೆ ಬರುವ ಶುಭೋದಯದ ಸಂದೇಶಗಳಲ್ಲಿ ದಿನಾ ಸಿಗುತ್ತದೆ. ಕಣ್ಣು ಸಾಲದು, ಹೊತ್ತೂ ಬೇಕು. ಕಾವೇರಿ ನೀರು ಬಿಟ್ಟಾಗ ಸಂಪಿನ ವಾಲ್ವ್ ತಿರುಗಿಸಬೇಕಾದವರು ಮೋಡ ನೋಡುತ್ತಾ ನಿಲ್ಲಲಾರರು. ಕುಕ್ಕರಿನ ಮೂರನೆಯ ಸೀಟಿಗೆ ಕಿವಿಗೊಟ್ಟವರಿಗೆ ಹಕ್ಕಿಯ ದನಿ ಅರ್ಧ ಮಾತ್ರ ಕೇಳುತ್ತದೆ. ಆ ಅರ್ಧದಿಂದಲೇ ಕಟ್ಟಿದ ಕವಿತೆ ಚಿಕ್ಕದಾಗಿರುತ್ತದೆ, ಬಿಗಿಯಾಗಿರುತ್ತದೆ, ಕೆಲವೊಮ್ಮೆ ಸ್ವಲ್ಪ ಅವಸರದ್ದಾಗಿರುತ್ತದೆ. ಅದರಲ್ಲಿ ಬೆರಗಿನ ಜೊತೆಗೇ ಗಡಿಯಾರವೂ ಇರುತ್ತದೆ. ಆ ಗಡಿಯಾರವನ್ನು ಕಿತ್ತುಹಾಕಿ ಬರೀ ಬೆರಗನ್ನು ಕೊಂಡಾಡಿದರೆ ನಾವು ಅರ್ಧ ಕವಿತೆಯನ್ನೇ ಓದಿದಂತೆ.

ಇಷ್ಟಕ್ಕೆ ಎರಡು ಆಕ್ಷೇಪಗಳು ಬರಬಹುದು. ಇಂಥ ಕವಿತೆಗಳಲ್ಲಿ ಬಹುಪಾಲು ಸಾಧಾರಣವಲ್ಲವೇ ಎಂಬುದು ಒಂದು. ಹೌದು, ಸಾಧಾರಣವೇ. ಗಂಡಸರ ಕವಿತೆಗಳಲ್ಲೂ ಬಹುಪಾಲು ಹಾಗೇ ಇವೆ, ಅವು ಊಟಕ್ಕೆ ಮುಂಚಿನ ಗೋಷ್ಠಿಯಲ್ಲಿ ಓದಿಸಿಕೊಳ್ಳುತ್ತವೆ ಅಷ್ಟೇ. ಎರಡನೆಯದು ಇದಕ್ಕಿಂತ ಗಟ್ಟಿಯಾದದ್ದು. ಕವಿತೆಯನ್ನು ವಾದವೆಂದು ಓದಹೊರಟರೆ ಅದರ ಜೀವ ಹೋಗುವುದಿಲ್ಲವೇ, ಅಮ್ಮನನ್ನು ನೆನಪಿಸುವುದಕ್ಕಿಂತ ದೊಡ್ಡ ಕೆಲಸ ಕವಿತೆಗೆ ಇನ್ನೇನಿದೆ ಎಂದು ಕೇಳುವವರಿದ್ದಾರೆ. ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಆದರೆ ಹನ್ನೆರಡನೆಯ ಶತಮಾನದ ಒಂದು ಮನೆಯ ಕಥೆ ನನ್ನ ಪರವಾಗಿದೆ.

ಆಯ್ದಕ್ಕಿ ಮಾರಯ್ಯನೂ ಲಕ್ಕಮ್ಮನೂ ಕಲ್ಯಾಣದಲ್ಲಿದ್ದವರು. ಬಿದ್ದ ಅಕ್ಕಿಯನ್ನು ಆಯ್ದು ತರುವುದು ಅವನ ಕಾಯಕ, ಅದನ್ನು ಬೇಯಿಸಿ ದಾಸೋಹ ನಡೆಸುವುದು ಅವಳ ಕಾಯಕ. ಒಂದು ದಿನ ಅವನು ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ತಂದ. ಗಂಡನ ಹೆಸರನ್ನೇ ಹೊತ್ತ 'ಮಾರಯ್ಯಪ್ರಿಯ ಅಮರೇಶ್ವರಲಿಂಗ' ಎಂಬ ಅಂಕಿತದಲ್ಲಿ ಲಕ್ಕಮ್ಮ ಅವನನ್ನೇ ತರಾಟೆಗೆ ತೆಗೆದುಕೊಂಡಳು: ಈ ಹೆಚ್ಚಿನ ಆಸೆ ಎಲ್ಲಿಂದ ಬಂತು, ಭಕ್ತನಿಗೆ ಇದು ಸಲ್ಲುತ್ತದೆಯೇ ಎಂದು. ಸಂಸಾರ, ಅಡುಗೆ, ಅಕ್ಕಿ, ಗಂಡ-ಹೆಂಡತಿ ಎಲ್ಲ ಸೇರಿದ ಮನೆವಾರ್ತೆಯ ವಚನ ಅದು. ಮಾರಯ್ಯ ಮನಮುಟ್ಟಿತು ಎನ್ನಲಿಲ್ಲ. ಅಕ್ಕಿಯನ್ನು ಮತ್ತೆ ಹೊತ್ತುಕೊಂಡು ಹೋಗಿ, ಆಯ್ದ ಜಾಗದಲ್ಲೇ ಸುರಿದು ಬಂದ.